ಬಿಳಿ ಗೂಡಿನ ದಾರಿಯಲ್ಲಿ ಬಂದ ಹುಳಿ ಅನ್ನ

ರಾಮನಗರದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ನಿಂತರೆ ಸುರಿದಿಟ್ಟ ರಾಶಿಗಳಲ್ಲಿ ಎರಡು ಬಣ್ಣ ಕಾಣುತ್ತದೆ. ಹಳದಿಯದು ಸಿ.ಬಿ. ಗೂಡು, ನಮ್ಮ ಹಳೆಯ ಮೈಸೂರು ತಳಿಯ ತಾಯಿಗೆ ಹುಟ್ಟಿದ್ದು. ಬಿಳಿಯದು ಬೈವೋಲ್ಟೀನ್. ಅದರ ವಂಶದಲ್ಲಿ ಜಪಾನಿನ ತಳಿಗಳ ಪಾಲು ದೊಡ್ಡದು. ನಾನು ರೇಷ್ಮೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ, ಕನಕಪುರ, ಮಾಗಡಿ, ಚನ್ನಪಟ್ಟಣ ತಾಲ್ಲೂಕುಗಳ ಹುಳುಮನೆಗಳನ್ನು ಸುತ್ತಿ ನಿವೃತ್ತನಾದವನು. ಈ ಬಿಳಿ ಗೂಡನ್ನು ರೈತರಿಗೆ ಒಪ್ಪಿಸುವುದರಲ್ಲೇ ನನ್ನ ನೌಕರಿಯ ಅರ್ಧ ಆಯಸ್ಸು ಕಳೆಯಿತು.

ಬೆಂಗಳೂರಿಗೆ ಸುಶಿ, ಅಂದರೆ ಹುಳಿ ಅನ್ನದ ಮೇಲೆ ಮೀನಿಟ್ಟು ಕೊಡುವ ಜಪಾನಿನ ತಿನಿಸು, ಬಂದದ್ದು ಐಟಿಯವರಿಂದ, ಮಾಲ್‌ಗಳಿಂದ ಎಂದು ಎಲ್ಲರೂ ಹೇಳುತ್ತಾರೆ. ಪಟ್ಟಣದ ಕಡೆಯಿಂದ ನೋಡಿದರೆ ಹಾಗೇ ಕಾಣಬಹುದು. ನಮ್ಮ ಸೀಮೆಯ ಕಡೆಯಿಂದ ನೋಡುವವನಿಗೆ ಬೇರೆ ಚರಿತ್ರೆ ಕಾಣುತ್ತದೆ. ಜಪಾನ್ ಇಲ್ಲಿಗೆ ಬಂದು ನೂರು ವರ್ಷದ ಮೇಲಾಯಿತು. ಮೊದಲು ಹುಳುಮನೆಗೆ ಬಂತು, ಆಮೇಲೆ ಬೊಂಬೆ ಮಾಡುವವರ ಲೇತಿನ ಹತ್ತಿರ, ಆಮೇಲೆ ಬಿಡದಿಯ ಕಾರಿನ ಕಾರ್ಖಾನೆಗೆ. ಊಟದ ತಟ್ಟೆಗೆ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ಸುಶಿಯ ಕತೆ ಹೇಳಬೇಕಾದರೆ ನಮ್ಮ ಸೀಮೆಯ ಕತೆಯನ್ನೂ ಸೇರಿಸಿಯೇ ಹೇಳಬೇಕು ಅನ್ನುವುದು ನನ್ನ ವಾದ.

ಮಗಳು ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಜಪಾನಿನವರ ಜೊತೆ ಕೂತು ಊಟ ಮಾಡಿ ಅವಳಿಗೆ ಅಭ್ಯಾಸ. ಬಡ್ತಿ ಸಿಕ್ಕಿದ ಸಂತೋಷಕ್ಕೆ ಅಪ್ಪ ಅಮ್ಮ ನಮ್ಮಿಬ್ಬರನ್ನೂ ಬೆಂಗಳೂರಿನ ದೊಡ್ಡ ಜಪಾನಿ ಹೋಟೆಲೊಂದಕ್ಕೆ ಕರೆದುಕೊಂಡು ಹೋದಳು. ಮೇಜಿನ ಬಳಿ ಕೂರಿಸಲಿಲ್ಲ. ಅಡಿಗೆಯವನ ಎದುರಿಗೇ ಉದ್ದಕ್ಕೆ ಹಾಸಿದ ಮರದ ಹಲಗೆಯ ಮುಂದೆ ಕೂರಿಸಿದಳು. "ಅಪ್ಪ, ಸುಶಿ ತಿನ್ನೋಕೆ ಇದೇ ಸರಿಯಾದ ಜಾಗ" ಅಂದಳು. ಅಂದು ಸೋಮವಾರ. ನನ್ನ ಹೆಂಡತಿ ಸೋಮವಾರ, ಶನಿವಾರ ಮೀನು ಮಾಂಸ ಮುಟ್ಟುವವಳಲ್ಲ. ಅವಳಿಗೆ ಸೌತೆಕಾಯಿ ಸುತ್ತಿದ್ದು, ಬೆಣ್ಣೆಹಣ್ಣು ಸುತ್ತಿದ್ದು ಹೇಳಿದ್ದಾಯಿತು.

ಮೊದಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಕೊಟ್ಟರು, ಕೈ ಒರೆಸಿಕೊಳ್ಳಲು. ಆಮೇಲೆ ಹಸಿರು ಚಹಾ, ಹಾಲು ಸಕ್ಕರೆ ಎರಡೂ ಇಲ್ಲ. ಎದುರಿಗಿದ್ದ ಅಡಿಗೆಯವನು ಮಣಿಪುರದ ಹುಡುಗ. ಬೆಂಗಳೂರಿನ ಜಪಾನಿ, ಚೀನೀ ಅಡಿಗೆಮನೆಗಳಲ್ಲಿ ಈಶಾನ್ಯ ರಾಜ್ಯಗಳ ಹುಡುಗರು ಬಹಳ ಜನ ಇದ್ದಾರೆ. ಅವನ ಕೈಯನ್ನೇ ನೋಡುತ್ತಾ ಕೂತೆ. ಪಕ್ಕದ ಬಟ್ಟಲಿನ ಹುಳಿ ನೀರಲ್ಲಿ ಬೆರಳ ತುದಿ ಅದ್ದಿ, ಎರಡೂ ಅಂಗೈ ಸವರಿಕೊಂಡ. ಮರದ ಗುಡಾಣದಿಂದ ಹೆಬ್ಬೆರಳಷ್ಟು ಅನ್ನ ತೆಗೆದ. ಎಡಗೈಯಲ್ಲಿ ಮೀನಿನ ತೆಳು ಹೋಳು, ಅದರ ಮೇಲೆ ವಸಾಬಿ ಎಂಬ ಖಾರದ ಒಂದು ಚುಕ್ಕೆ, ಅದರ ಮೇಲೆ ಅನ್ನ. ಒತ್ತಿದ, ಮಗುಚಿದ, ತಿರುಗಿಸಿದ, ಇನ್ನೊಮ್ಮೆ ಒತ್ತಿದ. ಇಷ್ಟು ಮುಗಿಯಲು ಐದಾರು ಸೆಕೆಂಡು. ಮುಂದಿಟ್ಟ ಕೂಡಲೇ ತಿನ್ನಬೇಕು, ಅನ್ನ ಮೈ ಬಿಸಿಯಷ್ಟೇ ಬಿಸಿ ಇರುವಾಗ.

ನಮ್ಮದು ಮುದ್ದೆಯ ಸೀಮೆ. ಅನ್ನವನ್ನೋ ಹಿಟ್ಟನ್ನೋ ಕೈಯಲ್ಲಿ ಕಟ್ಟುವುದು ನನಗೆ ಹೊಸದಲ್ಲ. ಆದರೆ ನನ್ನ ತಾಯಿ ಮುದ್ದೆ ಕಟ್ಟುವಾಗ ಒಳಗೆ ಗಾಳಿ ಉಳಿಯದ ಹಾಗೆ ಹಲಗೆಯ ಮೇಲೆ ಹೊರಳಿಸಿ ಬಿಗಿ ಮಾಡುತ್ತಿದ್ದಳು. ಇವನ ಕೈ ಅದಕ್ಕೆ ತದ್ವಿರುದ್ಧ. ಹೊರಗೆ ಗಟ್ಟಿಯಿರಬೇಕು, ಬಾಯಿಗಿಟ್ಟರೆ ಅಗುಳು ಅಗುಳಾಗಿ ಬಿಡಿಸಿಕೊಳ್ಳಬೇಕು. ಒಳಗೆ ಗಾಳಿ ಉಳಿಸುವುದೇ ಅಲ್ಲಿನ ವಿದ್ಯೆ. ಮಗಳು "ಕೈಯಲ್ಲೇ ತಿನ್ನಿ ಅಪ್ಪ, ಅದೇ ಮರ್ಯಾದೆ. ಮೀನಿನ ಕಡೆ ಸೋಯಾಗೆ ತಾಗಿಸಿ, ಅನ್ನದ ಕಡೆ ಬೇಡ" ಅಂದಳು. ಅನ್ನದ ಕಡೆ ಅದ್ದಿದರೆ ಅದು ಸೋಯಾ ಹೀರಿಕೊಂಡು ಬಿಚ್ಚಿಕೊಂಡುಬಿಡುತ್ತದೆ. ಬಾಯಿಗೆ ಹಾಕಿಕೊಂಡೆ. ಹುಳಿ, ಸ್ವಲ್ಪ ಸಿಹಿ, ಮೀನಿನ ತಣ್ಣನೆ ಜಿಡ್ಡು, ಕೊನೆಗೆ ಮೂಗಿಗೆ ಏರುವ ಖಾರ. ಚೆನ್ನಾಗಿತ್ತು. ಮೀನಿಗಿಂತಲೂ ಚೆನ್ನಾಗಿದ್ದದ್ದು ಆ ಅನ್ನ ಎಂದು ಈಗಲೂ ಹೇಳುತ್ತೇನೆ.

ಎರಡು ತುಂಡಿಗೆ ಅಲ್ಲಿ ಹಾಕಿದ್ದ ಬೆಲೆ, ನಮ್ಮ ಮಾರುಕಟ್ಟೆಯಲ್ಲಿ ಒಂದು ಕೆಜಿ ಬಿಳಿ ಗೂಡಿಗೆ ರೈತನಿಗೆ ಸಿಗುವ ಬೆಲೆಯ ಹತ್ತಿರ ಹತ್ತಿರ. ಇಷ್ಟು ದುಬಾರಿ ಊಟ ಮೊದಲಿಂದಲೂ ಸಿರಿವಂತರದೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಚರಿತ್ರೆ ಬೇರೆಯೇ ಇದೆ.

ಸುಶಿಯ ಹುಟ್ಟು ಮೀನು ಕೆಡದ ಹಾಗೆ ಇಡುವ ಉಪಾಯದಲ್ಲಿ. ಆಗ್ನೇಯ ಏಷ್ಯಾದ ಭತ್ತದ ಗದ್ದೆಗಳ ಜನ ಉಪ್ಪು ಹಾಕಿದ ಹೊಳೆ ಮೀನನ್ನು ಬೇಯಿಸಿದ ಅನ್ನದ ನಡುವೆ ಹೂತು ತಿಂಗಳುಗಟ್ಟಲೆ ಇಡುತ್ತಿದ್ದರು. ಅನ್ನ ಹುಳಿ ಬರುತ್ತಿತ್ತು, ಆ ಹುಳಿ ಮೀನನ್ನು ಕಾಪಾಡುತ್ತಿತ್ತು. ತಿನ್ನುವಾಗ ಅನ್ನ ಬಿಸಾಡಿ ಮೀನನ್ನಷ್ಟೇ ತಿನ್ನುತ್ತಿದ್ದರು. ಜಪಾನಿನ ಬೀವಾ ಸರೋವರದ ಸುತ್ತ ಇಂದಿಗೂ ಈ ಹಳೆಯ ಬಗೆಯ ಫುನಾಜುಶಿ ಮಾಡುತ್ತಾರೆ. ಕ್ರಮೇಣ ಜನ ಅನ್ನವನ್ನೂ ಸೇರಿಸಿ ತಿನ್ನಲು ಶುರುಮಾಡಿದರು. ಹದಿನೇಳನೇ ಶತಮಾನದ ಹೊತ್ತಿಗೆ ಹುಳಿ ಬರುವ ತನಕ ಕಾಯುವುದನ್ನು ಬಿಟ್ಟು ವಿನೆಗರ್ ಸುರಿಯುವ ರೂಢಿ ಬಂತು. ಈಗ ತೋಕಿಯೊ ಆಗಿರುವ ಎದೊ ಪಟ್ಟಣದಲ್ಲಿ 1820ರ ದಶಕದ ಸುಮಾರಿಗೆ ಅನ್ನವನ್ನು ಕೈಯಲ್ಲಿ ಒತ್ತಿ ಮೇಲೆ ಮೀನು ಇಟ್ಟು ಕೊಡುವ ಬಗೆ ಹಬ್ಬಿತು. ಹನಯಾ ಯೊಹೆಯ್ ಎಂಬ ವ್ಯಾಪಾರಿಯ ಹೆಸರು ಅದರ ಜೊತೆ ಸೇರಿಕೊಂಡಿದೆ. ಅದು ಬೀದಿ ಬದಿಯ ಗಾಡಿಯ ತಿಂಡಿ. ಕೂಲಿಯವರು, ಬಡಗಿಗಳು ನಿಂತುಕೊಂಡೇ ಎರಡು ಮೂರು ತುಂಡು ಬಾಯಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಆಗಿನ ಒಂದು ತುಂಡು ಈಗಿನ ಎರಡು ಮೂರರಷ್ಟು ದೊಡ್ಡದು. ಮಂಜುಗಡ್ಡೆ ಇಲ್ಲದ ಕಾಲ. ಹಾಗಾಗಿ ಮೀನನ್ನು ಉಪ್ಪಲ್ಲಿ, ವಿನೆಗರಲ್ಲಿ, ಸೋಯಾದಲ್ಲಿ ನೆನೆಸಿ, ಇಲ್ಲವೇ ಕುದಿಸಿ ಇಡುತ್ತಿದ್ದರು. ಈಗ ಎಲ್ಲಕ್ಕಿಂತ ದುಬಾರಿಯಾದ ಟ್ಯೂನಾ ಮೀನಿನ ಹೊಟ್ಟೆಯ ಕೊಬ್ಬಿನ ಭಾಗವನ್ನು ಬೇಗ ಕೆಡುತ್ತದೆಂದು ಆಗ ಬಿಸಾಡುತ್ತಿದ್ದರು.

1923ರ ಸೆಪ್ಟೆಂಬರ್ 1ರಂದು ತೋಕಿಯೊ ಸುತ್ತ ಭಾರಿ ಭೂಕಂಪವಾಯಿತು. ಕೆಲಸ ಕಳೆದುಕೊಂಡ ಸುಶಿಗಾರರು ಸ್ವಂತ ಊರುಗಳಿಗೆ ಮರಳಿ ಅಲ್ಲೆಲ್ಲ ಅಂಗಡಿ ಹಾಕಿದರು. ಒಂದು ಪಟ್ಟಣದ ತಿಂಡಿ ಹೀಗೆ ದೇಶದ ಊಟವಾಯಿತು. ಎರಡನೇ ಮಹಾಯುದ್ಧದ ನಂತರ ಆಹಾರಕ್ಕೆ ಬರ ಬಂದು 1947ರಲ್ಲಿ ಸರ್ಕಾರ ಹೋಟೆಲುಗಳನ್ನೇ ಮುಚ್ಚಿಸಿತು. ಆಗ ಸುಶಿಗಾರರು ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿತು. ಗಿರಾಕಿ ತನ್ನ ಪಡಿಯ ಅಕ್ಕಿಯಲ್ಲಿ ಒಂದು ಸಣ್ಣ ಅಳತೆ ತಂದುಕೊಟ್ಟು, ಜೊತೆಗೆ ಮಜೂರಿ ಕೊಟ್ಟರೆ ಹತ್ತು ತುಂಡು ಸುಶಿ. ತಾವು ಊಟ ಮಾರುತ್ತಿಲ್ಲ, ಕೂಲಿಗೆ ಅಕ್ಕಿ ಬೇಯಿಸಿ ಕೊಡುತ್ತಿದ್ದೇವೆ ಎಂಬುದು ಅವರ ವಾದ, ಸರ್ಕಾರ ಒಪ್ಪಿತು. ಆ ಲೆಕ್ಕದಿಂದಲೇ ತುಂಡಿನ ಗಾತ್ರವೂ ಈಗಿನ ಅಳತೆಗೆ ಇಳಿಯಿತು ಅನ್ನುತ್ತಾರೆ. ಬೀದಿ ಗಾಡಿಗಳನ್ನು ಶುಚಿತ್ವದ ಕಾರಣಕ್ಕೆ ನಿಲ್ಲಿಸಿದ ಮೇಲೆ ಸುಶಿ ಪೂರ್ತಿಯಾಗಿ ಅಂಗಡಿಯ ಒಳಗೆ ಹೋಯಿತು. ಮರದ ಹಲಗೆಯ ಆ ಕಡೆ ಅಡಿಗೆಯವನು, ಈ ಕಡೆ ಗಿರಾಕಿ, ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಮೀನು. ನಾವು ಕೂತದ್ದು ಬೀದಿ ಗಾಡಿಯ ಆ ಹಳೆಯ ಹಲಗೆಯ ಮುಂದೆಯೇ. ತೋಕಿಯೊದ ಗಿಂಜಾದಲ್ಲಿ ಜಿರೊ ಎಂಬ ಸುಶಿಗಾರರ ಹತ್ತೇ ಆಸನಗಳ ಅಂಗಡಿಗೆ 2007ರಲ್ಲಿ ಮಿಶೆಲಿನ್ ಹೋಟೆಲ್ ಕೈಪಿಡಿಯವರು ಮೂರು ನಕ್ಷತ್ರ ಕೊಟ್ಟರು. 2013ರಲ್ಲಿ ಯುನೆಸ್ಕೊ ಜಪಾನಿನ ಇಡೀ ಊಟದ ಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ಹಸಿ ಮೀನು ಎಂದು ಹೆದರುವವರಿಗೆ ಒಂದು ಮಾತು. ನಮ್ಮ ಕಣ್ವ ಜಲಾಶಯದ ಮೀನನ್ನು ಹಸಿಯಾಗಿ ತಿನ್ನಲು ಯಾರೂ ಹೋಗಬೇಡಿ. ಸಿಹಿನೀರಿನ ಮೀನಿನಲ್ಲಿ ಹುಳುವಿನ ಅಪಾಯ ಹೆಚ್ಚು. ಸುಶಿಗೆ ಬಳಸುವುದು ಹೆಚ್ಚಾಗಿ ಕಡಲ ಮೀನು. ಅದರಲ್ಲೂ ಹಸಿಯಾಗಿ ಬಡಿಸುವ ಬಹಳಷ್ಟು ಮೀನನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಒಂದು ವಾರ ಹೆಪ್ಪುಗಟ್ಟಿಸಿ, ಒಳಗಿನ ಹುಳು ಸತ್ತ ಮೇಲೆಯೇ ಬಡಿಸುವುದು ರೂಢಿ. ಚಳಿ, ಶಾಖ, ತೇವದ ಲೆಕ್ಕದಲ್ಲೇ ಜೀವನ ಕಳೆದ ನನಗೆ ಇದು ಥಟ್ಟನೆ ಅರ್ಥವಾಯಿತು.

ಇನ್ನು ನಮ್ಮ ಊರಿನ ಕಡೆ ಬರುತ್ತೇನೆ. 1893ರಲ್ಲಿ ಜಪಾನ್ ನೋಡಿಬಂದ ಜಮ್‌ಶೇಟ್‌ಜಿ ಟಾಟಾ ಅವರು ಆ ದಶಕದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಒಂದು ರೇಷ್ಮೆ ತೋಟ ಮಾಡಿಸಿದರು. ಮೈಸೂರು ಸರ್ಕಾರ ಜಮೀನು ಕೊಟ್ಟು ವರ್ಷಕ್ಕೆ ಇಷ್ಟೆಂದು ಹಣವನ್ನೂ ಕೊಟ್ಟಿತು. ನಡೆಸಲು ಬಂದವರು ಓಡ್ಜು ಎಂಬ ಜಪಾನಿ ದಂಪತಿ. ಹಿಪ್ಪುನೇರಳೆ ಗಿಡ ಹಾಕುವುದು, ರೋಗವಿಲ್ಲದ ಮೊಟ್ಟೆ ಆರಿಸುವುದು, ಹುಳ ಸಾಕುವುದು, ನೂಲು ಬಿಚ್ಚುವುದು, ಎಲ್ಲವನ್ನೂ ಜಪಾನಿನ ಕ್ರಮದಲ್ಲಿ ಅಲ್ಲಿ ಕಲಿಸುತ್ತಿದ್ದರು. 1910ರಲ್ಲಿ ಆ ತೋಟ ಸಾಲ್ವೇಷನ್ ಆರ್ಮಿಯವರ ಕೈಗೆ ಹೋಯಿತು. ಬಸವನಗುಡಿಯ ಪಕ್ಕದಲ್ಲಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಮಾತ್ರ ಇಂದಿಗೂ ಉಳಿದಿದೆ. ಆ ಕಡೆ ಮನೆ ಮಾಡಿಕೊಂಡಿರುವ ಎಷ್ಟೋ ಜನಕ್ಕೆ ಹೆಸರಿನ ಕಾರಣ ಗೊತ್ತಿಲ್ಲ. 1898ರಲ್ಲಿ ವಿಶ್ವೇಶ್ವರಯ್ಯನವರೂ ಜಪಾನಿಗೆ ಹೋಗಿ ಬಂದಿದ್ದರು. ಅವರು ದಿವಾನರಾಗಿದ್ದ ಕಾಲದಲ್ಲಿ ರೇಷ್ಮೆಗೆ ಸರ್ಕಾರ ಗಟ್ಟಿಯಾಗಿ ಕೈಹಾಕಿತು. ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಕರೆಸಿದರು, ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಆಯಿತು.

ಈ ನಂಟು ಬರೀ ಸಿಹಿಯಾಗಿತ್ತು ಎಂದು ಹೇಳಲಾರೆ. 1930ರ ದಶಕದ ಮುಗ್ಗಟ್ಟಿನಲ್ಲಿ ಅಗ್ಗದ ಜಪಾನಿ ರೇಷ್ಮೆ ಹಡಗು ಹಡಗಾಗಿ ಬಂದು ಮೈಸೂರು ಸಂಸ್ಥಾನದ ರೇಷ್ಮೆ ಬೆಲೆ ನೆಲಕಚ್ಚಿತು. ಹಿಪ್ಪುನೇರಳೆ ಕಿತ್ತು ರಾಗಿ ಬಿತ್ತಿದವರ ಮಾತನ್ನು ನಮ್ಮಜ್ಜನ ಬಾಯಲ್ಲಿ ಕೇಳಿದ್ದೇನೆ. 1934ರಲ್ಲಿ ಆಮದಿನ ಮೇಲೆ ಸುಂಕ ಏರಿಸಿದ ಮೇಲೆ ಕೊಂಚ ಉಸಿರಾಡುವಂತಾಯಿತು. ಯುದ್ಧ ಬಂದಾಗ ಜಪಾನ್ ಶತ್ರು ದೇಶ. ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ನಮ್ಮ ಗೂಡಿಗೆ ಬೆಲೆ ಬಂತು. ಕಲಿಸಿದವರೇ ಪೈಪೋಟಿಗೆ ನಿಂತರು, ಮತ್ತೆ ಅವರೇ ಬಂದು ಕಲಿಸಿದರು. ನೂರು ವರ್ಷದ ನಂಟು ಅಂದರೆ ಇಷ್ಟೆಲ್ಲ ಇರುತ್ತದೆ.

ಜಪಾನಿನವರು ಮತ್ತೆ ಬಂದದ್ದನ್ನು ನಾನೇ ಕಣ್ಣಾರೆ ಕಂಡೆ. 1991ರಲ್ಲಿ ಜಪಾನ್ ಸರ್ಕಾರದ ಜೈಕಾ ಸಂಸ್ಥೆಯ ನೆರವಿನಿಂದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ಬೈವೋಲ್ಟೀನ್ ಯೋಜನೆ ಶುರುವಾಯಿತು. ಮೂರು ಹಂತದಲ್ಲಿ 2007ರವರೆಗೆ ನಡೆಯಿತು. ಸಿಎಸ್‌ಆರ್ 2, ಸಿಎಸ್‌ಆರ್ 4 ಎಂಬ ತಳಿಗಳು ಅಲ್ಲಿಂದಲೇ ಬಂದವು. ನಮ್ಮ ಹಳೆಯ ಮೈಸೂರು ತಳಿಯ ಗೂಡಿನಿಂದ ಸುಮಾರು 400 ಮೀಟರ್ ಎಳೆ ಬಂದರೆ ಬೈವೋಲ್ಟೀನ್ ಗೂಡಿನಿಂದ 1,000 ಮೀಟರಿನಷ್ಟು ಬರುತ್ತದೆ. ಆದರೆ ಆ ಹುಳ ಬಲು ನಾಜೂಕು. ಚಾಕಿ ಎನ್ನುವ ಎಳೆ ಹುಳದ ಹಂತದಲ್ಲಿ 27-28 ಡಿಗ್ರಿ ಶಾಖ, ಒಳ್ಳೆ ತೇವ. ದೊಡ್ಡ ಹುಳಕ್ಕೆ 24-25 ಡಿಗ್ರಿ, ಗಾಳಿಯಾಡಬೇಕು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಮೇಲೆ ಸೊಪ್ಪು ಒಂದು ಹೊತ್ತು ತಪ್ಪಿದರೂ ಗೂಡು ಜೊಳ್ಳು.

ತರಬೇತಿಗೆ ಹೋದ ನಮಗೆ ಜಪಾನಿನ ತಜ್ಞರು ಎಲ್ಲಕ್ಕೂ ಮೊದಲು ಕಲಿಸಿದ್ದು ಕೈ ತೊಳೆಯುವುದನ್ನು. ಹುಳುಮನೆಗೆ ಬೇರೆ ಚಪ್ಪಲಿ, ಬಾಗಿಲಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ, ಬೆಳೆ ಬೆಳೆಗೂ ಮನೆ ತೊಳೆದು ಔಷಧಿ ಹೊಡೆಯುವುದು. ವಾಸದ ಮನೆಯಲ್ಲೇ ಒಲೆ ಪಕ್ಕ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆ ನಿಲ್ಲಿಸಿಕೊಂಡು ಹುಳ ಸಾಕುತ್ತಿದ್ದ ಸಾತನೂರು, ಕೋಡಿಹಳ್ಳಿ, ಕುದೂರು ಕಡೆಯ ರೈತರಿಗೆ ಹುಳಕ್ಕೇ ಬೇರೆ ಮನೆ ಕಟ್ಟಿ ಎಂದು ಹೇಳುವುದು ಸುಲಭದ ಕೆಲಸವಾಗಿರಲಿಲ್ಲ. "ಸಾರ್, ನಮ್ಗೇ ಸರಿಯಾದ್ ಮನೆ ಇಲ್ಲ, ಹುಳಕ್ಕೆ ಬೇರೆ ಕಟ್ಟಿ ಅಂತೀರಲ್ಲ" ಎಂದು ಕೋಡಿಹಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಅವಳ ಮಾತು ನ್ಯಾಯವಾಗಿತ್ತು. ಸಾಲ, ಸಹಾಯಧನ ಕೊಡಿಸಿ, ಒಂದೊಂದು ಮನೆ ಎದ್ದು, ಬೆಳೆ ಕೈಗೆ ಸಿಕ್ಕಿದ ಮೇಲೆಯೇ ಪಕ್ಕದವರು ನಂಬಿದ್ದು.

ಬೆಂಗಳೂರಿನ ಆ ಹಲಗೆಯ ಮುಂದೆ ಕೂತಾಗ ಮಣಿಪುರದ ಹುಡುಗ ಪ್ರತಿ ತುಂಡಿನ ನಡುವೆ ಚಾಕು ಒರೆಸಿದ, ಹಲಗೆ ಒರೆಸಿದ, ಕೈ ಅದ್ದಿದ. ಯಾರೋ ಅವನಿಗೆ ವರ್ಷಗಟ್ಟಲೆ ಹೇಳಿ ಹೇಳಿ ರೂಢಿ ಮಾಡಿಸಿದ್ದಾರೆ. ಅದೇ ಶಿಸ್ತು ನಮ್ಮ ಹುಳುಮನೆಗೂ ಬಂದದ್ದು. ಇದನ್ನು ಯಾವ ಪುಸ್ತಕದಿಂದಲೂ ನಾನು ತಿಳಿಯಬೇಕಾಗಿರಲಿಲ್ಲ.

ನನ್ನ ಬಾಯಿಗೆ ಬಿದ್ದ ಮೊದಲ ಜಪಾನಿ ಊಟವೂ ಆ ತರಬೇತಿಯಲ್ಲೇ. ಮಧ್ಯಾಹ್ನ ಮರದ ಕೆಳಗೆ ನಾವು ಬುತ್ತಿ ಬಿಚ್ಚಿದರೆ ತಜ್ಞರೊಬ್ಬರು ಅವರ ಡಬ್ಬಿ ಬಿಚ್ಚಿದರು. ಮುಕ್ಕೋನದ ಅನ್ನದ ಉಂಡೆ, ಸುತ್ತ ಕಡಲ ಪಾಚಿಯ ಕಪ್ಪು ಹಾಳೆ, ಒಳಗೆ ಉಪ್ಪಿನಲ್ಲಿಟ್ಟ ಹುಳಿ ಹಣ್ಣು. ಒಂದು ನನಗೆ ಕೊಟ್ಟು ನಮ್ಮ ನಿಂಬೆಹಣ್ಣಿನ ಚಿತ್ರಾನ್ನ ಹಾಕಿಸಿಕೊಂಡರು. ಅವರ ಊರು ನಾಗಾನೊ ಕಡೆ, ಅದೂ ಒಂದು ಕಾಲದ ದೊಡ್ಡ ರೇಷ್ಮೆ ಸೀಮೆ. ಸಮುದ್ರ ದೂರ, ಮೀನು ಅಪರೂಪ. ನೂಲು ಬಿಚ್ಚಿದ ಮೇಲೆ ಉಳಿಯುವ ಗೂಡಿನೊಳಗಿನ ಹುಳವನ್ನು ಸೋಯಾ, ಸಕ್ಕರೆ ಹಾಕಿ ಬತ್ತಿಸಿ ಅನ್ನದ ಜೊತೆ ತಿನ್ನುವುದು ಅಲ್ಲಿನ ವಾಡಿಕೆ. ಕೆರೆಯ ಮೀನಿಗೂ ಅದೇ ಮೇವು. ನಮ್ಮ ರಾಮನಗರದ ಬಿಚ್ಚಾಣಿಕೆ ಮನೆಗಳ ಹಿಂದೆ ರಾಶಿ ಬೀಳುವ ಆ ಹುಳದ ವಾಸನೆ ಊರಿಗೆಲ್ಲ ಗೊತ್ತು. ಇಲ್ಲಿ ಅದು ಎಣ್ಣೆಗೆ, ಕೋಳಿ ಮತ್ತು ಮೀನಿನ ಮೇವಿಗೆ ಹೋಗುತ್ತದೆ. ನಮ್ಮ ರೇಷ್ಮೆಗೂ ಅವರ ಊಟಕ್ಕೂ ಇಷ್ಟು ಹತ್ತಿರದ ನಂಟು ಇದೆಯೆಂದು ಅಂದು ಮೊದಲು ತಿಳಿಯಿತು.

ಬೆಂಗಳೂರಿನ ಹೋಟೆಲಿನ ಆ ಊಟದ ಕೊನೆಗೆ ಮುಚ್ಚಳದ ಬಟ್ಟಲಲ್ಲಿ ಬಿಸಿ ಬಿಸಿ ಮಿಸೊ ಸಾರು ಬಂತು. ಹೊರಗೆ ಕಪ್ಪು, ಒಳಗೆ ಕೆಂಪು, ಕನ್ನಡಿಯ ಹೊಳಪು. ಚನ್ನಪಟ್ಟಣದ ಮಗ್ಗುಲಲ್ಲಿ ಬೆಳೆದವನಿಗೆ ಬಟ್ಟಲು ಕೈಗೆ ಬಂದ ಕೂಡಲೇ ಅದನ್ನು ತಿರುಗಿಸಿ ತಳ ನೋಡುವುದೇ ಬುದ್ಧಿ. ನೋಡಿದೆ. ಹೊಳಪು ಒಂದೇ ಥರ, ವಸ್ತು ಬೇರೆ.

ಚನ್ನಪಟ್ಟಣದ ಬೊಂಬೆಯ ಬಣ್ಣ ಅರಗಿನದು. ಅರಗು ಒಂದು ಸಣ್ಣ ಕೀಟದ ಅಂಟು. ಹಾಲೆ ಮರದ ತುಂಡನ್ನು ಲೇತಿಗೆ ಕಟ್ಟಿ, ಉಳಿಯಲ್ಲಿ ಕಡೆದು, ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಹೊಳಪು ಏಳುತ್ತದೆ. ಕೆಲವೇ ನಿಮಿಷದ ಕೆಲಸ, ಆದರೆ ಕೈ ಪಳಗಲು ವರ್ಷಗಳು ಬೇಕು. ಜಪಾನಿನ ಊರುಶಿ ಒಂದು ಮರದ ಹಾಲು. ತೊಗಟೆ ಗೀರಿ ಹನಿ ಹನಿಯಾಗಿ ಹಿಡಿದು, ತೆಳ್ಳಗೆ ಬಳಿದು, ತೇವದ ಪೆಟ್ಟಿಗೆಯಲ್ಲಿ ಒಣಗಿಸಿ, ಉಜ್ಜಿ, ಮತ್ತೆ ಬಳಿದು, ಹೀಗೆ ತಿಂಗಳುಗಳ ಕೆಲಸ. ಅರಗು ಬಿಸಿಗೆ ಮೆತ್ತಗಾಗುತ್ತದೆ, ಹಾಗಾಗಿ ನಮ್ಮ ಬಟ್ಟಲಿಗೆ ಕುದಿಯುವ ಸಾರು ಹಾಕುವಂತಿಲ್ಲ. ಊರುಶಿ ಬಿಸಿಯನ್ನೂ ಹುಳಿಯನ್ನೂ ತಡೆಯುತ್ತದೆ. ನಮ್ಮದು ಆಟಿಕೆಯಾಗಿಯೂ ಅವರದು ಊಟದ ಪಾತ್ರೆಯಾಗಿಯೂ ಬೆಳೆಯಲು ಇದೂ ಒಂದು ಕಾರಣ.

ಚನ್ನಪಟ್ಟಣದಲ್ಲಿ ಬಾವಾಸ್ ಮಿಯಾನ್ ಅವರ ಹೆಸರನ್ನು ಗೌರವದಿಂದ ಹೇಳುತ್ತಾರೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅವರು ಜಪಾನಿನ ಕಸುಬನ್ನು ಅಭ್ಯಾಸ ಮಾಡಿ ಊರಿನ ಕುಶಲಕರ್ಮಿಗಳಿಗೆ ಹೇಳಿಕೊಟ್ಟರು, ಇಂದಿನ ಬೊಂಬೆ ಕಸುಬಿಗೆ ಅವರೇ ಪಿತಾಮಹ ಎಂಬುದು ಊರಿನಲ್ಲಿ ತಲೆಮಾರಿನಿಂದ ನಡೆದು ಬಂದ ಮಾತು. ಜಪಾನಿನ ಈಶಾನ್ಯದ ಬಿಸಿನೀರ ಬುಗ್ಗೆಗಳ ಊರುಗಳಲ್ಲಿ ಲೇತಿನಲ್ಲಿ ಕಡೆಯುವ ಕೊಕೆಶಿ ಎಂಬ ಮರದ ಬೊಂಬೆಗಳಿವೆ. ದುಂಡು ತಲೆ, ಕೈಕಾಲಿಲ್ಲದ ಉದ್ದನೆಯ ಮೈ, ಮೈಮೇಲೆ ಬಣ್ಣದ ಪಟ್ಟೆ. ಬಟ್ಟಲು ಕಡೆಯುವವರೇ ಬಿಡುವಿನಲ್ಲಿ ಈ ಬೊಂಬೆ ಕಡೆಯುತ್ತಿದ್ದರು. ಒಂದು ಕೊಕೆಶಿಯನ್ನು ಚನ್ನಪಟ್ಟಣದ ಕಲಾನಗರದ ಅಂಗಡಿಯ ಸಾಲಿನಲ್ಲಿ ಇಟ್ಟರೆ ಹೊರಗಿನವರಿಗೆ ಗುರುತು ಸಿಗುವುದು ಕಷ್ಟ.

ಬಿಡದಿಯ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿತು. 1999ರ ಡಿಸೆಂಬರಿನಲ್ಲಿ ಬಿಡದಿಯಲ್ಲಿ ಕ್ವಾಲಿಸ್ ಕಾರಿನ ತಯಾರಿಕೆ ಶುರುವಾಯಿತು. ಅದುವರೆಗೆ ಬಿಡದಿ ಅಂದರೆ ತಟ್ಟೆ ಇಡ್ಲಿ, ಬೆಣ್ಣೆ, ಚಟ್ನಿ. 2010ರಲ್ಲಿ ಎರಡನೇ ಕಾರ್ಖಾನೆ ಬಂತು. ಈ ಕಾರ್ಖಾನೆಗಳ ಸುತ್ತ ಬಿಡಿಭಾಗ ಮಾಡುವವರು ಬಂದರು, ಅವರ ಜೊತೆ ಜಪಾನಿ ಎಂಜಿನಿಯರುಗಳು, ಅವರ ಸಂಸಾರಗಳು ಬಂದವು. ಆ ಸಂಸಾರಗಳು ಬೆಂಗಳೂರಿನಲ್ಲಿ ಮನೆ ಮಾಡಿ ತಮ್ಮ ಊಟ ಹುಡುಕಿದವು. ರೆಸಿಡೆನ್ಸಿ ರಸ್ತೆಯ ದೇವತಾ ಪ್ಲಾಜಾದ ಹರಿಮಾ, ಅದೇ ರಸ್ತೆಯ ಐಟಿಸಿ ಗಾರ್ಡೇನಿಯಾದ ಎದೊ, ಹೀಗೆ ಹೋಟೆಲುಗಳು ಆದವು. ಐಟಿಯ ಹುಡುಗರು ಅವಕ್ಕೆ ಗಿರಾಕಿಗಳಾದದ್ದು ನಿಜ. ಆದರೆ ಜಪಾನಿನ ಮನೆಯೂಟವನ್ನು ದಿನಾ ಕೇಳುವ ಜನ ಇಲ್ಲಿ ಇದ್ದದ್ದಕ್ಕೆ ಮೈಸೂರು ರಸ್ತೆಯ ಕಾರ್ಖಾನೆಗಳ ಪಾಲು ಸಣ್ಣದಲ್ಲ.

ಇಲ್ಲಿ ಇನ್ನೊಂದು ನಂಟಿದೆ. ಟೊಯೊಟಾ ಕಾರು ಕಂಪನಿಯ ಮೂಲ ನೇಯ್ಗೆಯ ಮಗ್ಗ. ಸಕಿಚಿ ಟೊಯೊಡ ಅವರು 1924ರಲ್ಲಿ ಮಾಡಿದ ತಾನಾಗಿ ನಡೆಯುವ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್‌ಗೆ ಮಾರಿ ಬಂದ ಹಣ ಅವರ ಮಗನ ಕಾರಿನ ಪ್ರಯತ್ನಕ್ಕೆ ಆಸರೆಯಾಯಿತು. ಆ ಕಂಪನಿಯ ನೆಲೆ ಐಚಿ ಪ್ರಾಂತ. ಅದೇ ಐಚಿಯ ಹಂಡ ಎಂಬ ಊರಿನಲ್ಲಿ 1804ರಲ್ಲಿ ನಕನೊ ಮತಜಾಎಮೊನ್ ಎಂಬ ಸಾಕೆ ತಯಾರಕರು ಮದ್ಯ ಹಿಂಡಿ ಉಳಿದ ಗಷ್ಟಿನಿಂದ ಕೆಂಪು ವಿನೆಗರ್ ಮಾಡಿ ಹಡಗಿನಲ್ಲಿ ಎದೊ ಪಟ್ಟಣಕ್ಕೆ ಕಳಿಸಿದರು. ಬೀದಿ ಗಾಡಿಯ ಸುಶಿಯ ಅನ್ನಕ್ಕೆ ಹುಳಿ ಕೊಟ್ಟದ್ದು ಅದೇ. ಮಿಜ್ಕನ್ ಎಂಬ ಹೆಸರಿನಲ್ಲಿ ಆ ಮನೆತನದ ಕಂಪನಿ ಇಂದಿಗೂ ಇದೆ. ಬಿಡದಿಗೆ ಕಾರು ಬಂದ ಪ್ರಾಂತದಿಂದಲೇ ಸುಶಿಗೆ ಹುಳಿ ಬಂದದ್ದು. 1958ರಲ್ಲಿ ಓಸಾಕಾದ ಶಿರಾಯಿಶಿ ಎಂಬುವರು ಬಿಯರ್ ಕಾರ್ಖಾನೆಯಲ್ಲಿ ಬಾಟಲಿ ಸಾಗಿಸುವ ಪಟ್ಟಿ ನೋಡಿ, ತಟ್ಟೆಗಳು ತಾವೇ ಗಿರಾಕಿಯ ಮುಂದೆ ಸಾಗುವ ಸುಶಿ ಹೋಟೆಲ್ ಮಾಡಿದರು. ಬಿಡದಿಯ ಕಾರ್ಖಾನೆಯಲ್ಲಿ ಸಾಗುವ ಪಟ್ಟಿಯ ಪಕ್ಕ ನಿಂತು ಕೆಲಸ ಮಾಡುವ ನಮ್ಮ ಹಳ್ಳಿಯ ಹುಡುಗರಿಗೆ ಅದು ಬೇಗ ಅರ್ಥವಾದೀತು.

ಬೆಂಗಳೂರಿನ ಆ ಹಲಗೆಯ ಮುಂದೆ ನಾವು ಕೊಟ್ಟ ದುಡ್ಡು ಮೀನಿನದಷ್ಟೇ ಅಲ್ಲ, ಪಳಗಿದ ಕೈಯದು ಕೂಡ. ಅದು ನ್ಯಾಯವಾದ ಬೆಲೆ ಎಂದೇ ನನ್ನ ತೀರ್ಪು. ಆದರೆ ಅದೇ ಮಾತನ್ನು ಚನ್ನಪಟ್ಟಣದ ಲೇತಿನ ಮುಂದೆ ಕೂತವನಿಗೂ, ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ಗೂಡಿನ ಎಳೆ ಹುಡುಕುವ ರಾಮನಗರದ ಹೆಣ್ಣುಮಕ್ಕಳಿಗೂ ಹೇಳಬೇಕು. ಅವರ ಮಜೂರಿ ಇಂದಿಗೂ ಅವರ ಕೈಯ ಬೆಲೆಗಿಂತ ಎಷ್ಟೋ ಕೆಳಗಿದೆ.

ಓದುಗರಲ್ಲಿ ಒಂದು ಕೇಳಿಕೆ. ಜೈಕಾ ಯೋಜನೆಯಲ್ಲಿ ಜಪಾನಿಗೆ ತರಬೇತಿಗೆ ಹೋಗಿ ಬಂದವರು, ಆ ತಜ್ಞರನ್ನು ತಮ್ಮ ಹುಳುಮನೆಗೆ ಕರೆದೊಯ್ದ ರೈತರು, ಬಾವಾಸ್ ಮಿಯಾನ್ ಅವರ ಹತ್ತಿರ ಕಲಿತವರ ಮಕ್ಕಳು ಮೊಮ್ಮಕ್ಕಳು ನಮ್ಮ ಸೀಮೆಯ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅಂಥವರ ಮನೆಯಲ್ಲಿ ಹಳೆಯ ಫೋಟೊ, ತರಬೇತಿ ಪತ್ರ, ಕಾಗದ, ಹಳೆಯ ಅರಗಿನ ಸಾಮಾನು ಇದ್ದರೆ ಗುಜರಿಗೆ ಹಾಕಬೇಡಿ. ಯಾರದು, ಯಾವ ವರ್ಷದ್ದು ಎಂದು ಹಿಂದೆ ಬರೆದು, ಒಂದು ನಕಲು ಹತ್ತಿರದ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ.